ಕಲ್ಲಿದ್ದಲು, ಭತ್ತ, ನೀರು: ಶಕ್ತಿ ಹುಟ್ಟುವ ಊರುಗಳಲ್ಲಿ ಒಂದು ಸುತ್ತು

ಮೊದಲ ದಿನ: ರಾಯಚೂರು, ಶಕ್ತಿನಗರ

ರೈಲು ರಾಯಚೂರು ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನವೆಂಬರ್ ಕೊನೆ. ಬರೀ ಬೇಸಿಗೆಯಲ್ಲಿ ಈ ಊರು ನೋಡಿದವರು ನಂಬಲಿಕ್ಕಿಲ್ಲ, ಸ್ಟೇಷನ್ ಹೊರಗೆ ಜನ ಮಫ್ಲರ್ ಸುತ್ತಿಕೊಂಡು ಚಹಾ ಕುಡಿಯುತ್ತಿದ್ದರು. ಅಣ್ಣ ಕಾರು ತಂದು ಕಾಯುತ್ತಿದ್ದ. ದೊಡ್ಡಪ್ಪನ ಮಗ. ಇಲ್ಲಿಯ ಶಾಖೋತ್ಪನ್ನ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಬಹಳ ವರ್ಷ ದುಡಿದು ನಿವೃತ್ತನಾದವನು. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಹಬ್ಬಕ್ಕೆ ಎಲ್ಲರೂ ಸೇರಿದಾಗ ನಮ್ಮಿಬ್ಬರ ನಡುವೆ ಒಂದೇ ಚರ್ಚೆ. ಮೈಟೊಕಾಂಡ್ರಿಯವನ್ನು ಜೀವಕೋಶದ ಪವರ್‌ಹೌಸ್ ಅಂತ ಪುಸ್ತಕದಲ್ಲಿ ಬರೆದಿರುತ್ತಾರಲ್ಲ, ಆ ಮಾತು ಎಷ್ಟು ದೂರ ನಿಜ? ಈ ಸಲ ಊರೂರು ತಿರುಗಿ ನೋಡಿಯೇ ಮಾತಾಡೋಣ ಅಂದುಕೊಂಡೆವು.

ಮೊದಲು ಹೊಟ್ಟೆ. ಬಸ್ ನಿಲ್ದಾಣದ ಹತ್ತಿರ ಒಂದು ಗಾಡಿಯ ಮುಂದೆ ನಿಂತು ಒಗ್ಗಾಣಿ, ಮಿರ್ಚಿ ತಿಂದೆವು. ನೆನೆಸಿದ ಮಂಡಕ್ಕಿಗೆ ಹಸಿಮೆಣಸು, ಈರುಳ್ಳಿಯ ಒಗ್ಗರಣೆ. ಮೇಲೆ ಪುಟಾಣಿ ಹಿಟ್ಟು. ಬೆಳಿಗ್ಗೆ ಏಳಕ್ಕೇ ಕಾದ ಎಣ್ಣೆಯ ಮಿರ್ಚಿ ಹೇಗೆ ತಿನ್ನುತ್ತಾರಪ್ಪಾ ಅಂತ ಕೇಳಬೇಡಿ. ಇಲ್ಲಿಗೆ ಬಂದರೆ ನೀವೂ ತಿನ್ನುತ್ತೀರಿ.

ಶಕ್ತಿನಗರ ಊರಿನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಹೈದರಾಬಾದ್ ರಸ್ತೆಯಲ್ಲಿ. ದಾರಿಯಲ್ಲಿ ಮೊದಲು ಯರಮರಸ್‌ನ ಹೊಸ ಕೇಂದ್ರ ಸಿಗುತ್ತದೆ. ಅಲ್ಲಿ 800 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಮುಂದೆ ಹೋದರೆ ಹಳೆಯ ಶಾಖೋತ್ಪನ್ನ ಕೇಂದ್ರ, ಆರ್‌ಟಿಪಿಎಸ್. 1985ರಲ್ಲಿ ಮೊದಲ ಘಟಕ ಶುರುವಾಯಿತು. ಈಗ ಎಂಟು ಘಟಕ, ಒಟ್ಟು 1,720 ಮೆಗಾವ್ಯಾಟ್. ಒಳಗೆ ಹೋಗಲು ಮೊದಲೇ ಪತ್ರ ಬರೆದು ಅನುಮತಿ ತೆಗೆದುಕೊಂಡಿರಬೇಕು. ಗೇಟಿನ ಹತ್ತಿರ ಫೋಟೊ ತೆಗೆಯಲು ಬಿಡುವುದಿಲ್ಲ. ಹಾಗಾಗಿ ನಾವು ಕೃಷ್ಣಾ ನದಿಯ ದಂಡೆಗೆ ಹೋಗಿ ಕೂತೆವು. ಆಚೆ ದಡ ತೆಲಂಗಾಣ. ಇತ್ತ ತಿರುಗಿದರೆ ಸಾಲು ಚಿಮಣಿ.

ಅಣ್ಣ ಕಡ್ಡಿ ತೆಗೆದುಕೊಂಡು ಮರಳಲ್ಲಿ ಗೆರೆ ಎಳೆಯುತ್ತ ಹೇಳಿದ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ, ಮಹಾರಾಷ್ಟ್ರದಿಂದ ರೈಲಿನಲ್ಲಿ ಬರುತ್ತದೆ. ಅದನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು ಗಾಳಿಯೊಂದಿಗೆ ಕುಲುಮೆಗೆ ಊದುತ್ತಾರೆ. ಆ ಬೆಂಕಿಯಿಂದ 540 ಡಿಗ್ರಿ ಸುತ್ತಮುತ್ತಲಿನ ಹಬೆ. ಹಬೆ ಟರ್ಬೈನ್ ತಿರುಗಿಸುತ್ತದೆ, ನಿಮಿಷಕ್ಕೆ 3,000 ಸುತ್ತು. ಒಂದು ಯೂನಿಟ್ ಕರೆಂಟಿಗೆ ನಮ್ಮ ದೇಶದ ಕಲ್ಲಿದ್ದಲು 600ರಿಂದ 700 ಗ್ರಾಂ ಬೇಕು.

"ಇದ್ರಾಗ ಮೂರರಾಗ ಒಂದು ಪಾಲು ಅಷ್ಟ ಕರೆಂಟ್ ಆಗ್ತೈತಿ ತಂಗೀ. ಉಳಿದ ಬಿಸಿ ನೀರಿಗೆ, ಗಾಳಿಗೆ ಹೋಗ್ತೈತಿ. ಯರಮರಸ್‌ದಾಗ ಹಬಿ ಒತ್ತಡ ಜಾಸ್ತಿ, ಅಲ್ಲಿ ನೂರಕ್ಕ ನಲವತ್ತರ ತನಕ ಹೋಗಬಹುದು."

ನಮ್ಮ ಜೀವಕೋಶದ ಲೆಕ್ಕವೂ ಹೆಚ್ಚುಕಡಿಮೆ ಅಲ್ಲೇ ಬಂದು ನಿಲ್ಲುತ್ತದೆ. ಗ್ಲೂಕೋಸಿನಲ್ಲಿರುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲನ್ನು ಅದು ಎಟಿಪಿ ಎಂಬ ಅಣುವಿನಲ್ಲಿ ಹಿಡಿದಿಡುತ್ತದೆ. ಅಂಕಿ ಒಂದೇ ಇರಬಹುದು, ದಾರಿ ಮಾತ್ರ ಪೂರ್ತಿ ಬೇರೆ. ಕೋಶದಲ್ಲಿ 540 ಡಿಗ್ರಿ ಎಲ್ಲಿಂದ ಬರಬೇಕು? ಎಲ್ಲಾ ಕೆಲಸ ಮೈಬಿಸಿಯಲ್ಲೇ, 37 ಡಿಗ್ರಿಯಲ್ಲಿ. ಅದು ಆಹಾರವನ್ನು ಸುಟ್ಟು ಬಿಸಿ ಮಾಡಿ, ಆ ಬಿಸಿಯಿಂದ ಚಕ್ರ ತಿರುಗಿಸುವುದಿಲ್ಲ. ಆಹಾರದಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸಿ, ಒಂದೊಂದೇ ಮೆಟ್ಟಿಲು ಇಳಿಸುತ್ತ ಕೊನೆಗೆ ಆಮ್ಲಜನಕಕ್ಕೆ ಕೊಡುತ್ತದೆ. ಅಲ್ಲಿ ನೀರು ಹುಟ್ಟುತ್ತದೆ. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪ ಶಕ್ತಿ ಸಿಗುತ್ತದೆ. ಉರಿ ಇಲ್ಲ, ಹೊಗೆ ಇಲ್ಲ.

ಅಣ್ಣನಿಗೆ ಈ ಲೆಕ್ಕಕ್ಕಿಂತ ಹಿಡಿಸಿದ್ದು ಇನ್ನೊಂದು ವಿಷಯ. ಗ್ರಿಡ್‌ನಲ್ಲಿ ಅಂದರೆ ಊರೂರನ್ನು ಜೋಡಿಸುವ ತಂತಿಗಳ ಜಾಲದಲ್ಲಿ ಕರೆಂಟು ಕೂಡಿಟ್ಟಿರುವುದಿಲ್ಲ. ಬಳಸುವ ಕ್ಷಣದಲ್ಲೇ ಹುಟ್ಟಬೇಕು. ಸಂಜೆ ಬೆಂಗಳೂರಿನಲ್ಲಿ ಎಲ್ಲರೂ ಒಟ್ಟಿಗೆ ದೀಪ ಹಾಕಿದರೆ ಇಲ್ಲಿಯ ಚಕ್ರಕ್ಕೆ ಭಾರ ಬೀಳುತ್ತದೆ, 50 ಹರ್ಟ್ಸ್ ಇರಬೇಕಾದದ್ದು ಕೂದಲೆಳೆಯಷ್ಟು ಇಳಿಯುತ್ತದೆ. ಅದನ್ನು ನೋಡಿ ಟರ್ಬೈನಿನ ವೇಗ ಕಾಯುವ ಗವರ್ನರ್ ಎಂಬ ಸಾಧನ ತಾನೇ ಹಬೆ ಜಾಸ್ತಿ ಬಿಡುತ್ತದೆ. "ಯಾರೂ ಫೋನ್ ಮಾಡಿ ಹೇಳೂದಿಲ್ಲ. ಚಕ್ರನ ಹೇಳ್ತೈತಿ" ಅಂದ. ಕೋಶದಲ್ಲೂ ಹಾಗೆಯೇ. ಕೆಲಸ ಮಾಡಿದ ಎಟಿಪಿ ಒಂದು ಫಾಸ್ಫೇಟ್ ಕಳೆದುಕೊಂಡು ಎಡಿಪಿಯಾಗಿ ಮೈಟೊಕಾಂಡ್ರಿಯಕ್ಕೆ ವಾಪಸ್ ಬರುತ್ತದೆ. ಎಡಿಪಿ ಜಾಸ್ತಿ ಬಂತೆಂದರೆ ಬೇಡಿಕೆ ಜಾಸ್ತಿ ಆಯಿತು ಅಂತ. ಎಲೆಕ್ಟ್ರಾನ್ ಇಳಿಯುವ ಆ ಮೆಟ್ಟಿಲುಸಾಲು, ಅಂದರೆ ಉಸಿರಾಟದ ಸರಪಳಿ, ತಾನಾಗಿ ಜೋರಾಗುತ್ತದೆ. ಮನುಷ್ಯನ ಮೈಯಲ್ಲಿ ಯಾವ ಹೊತ್ತಿಗೆ ನೋಡಿದರೂ ಎಟಿಪಿ ಇರುವುದು ನೂರು ಗ್ರಾಂ ಒಳಗೆ. ಆದರೆ ಅದೇ ಅಣುಗಳು ಒಡೆದು ಮತ್ತೆ ಕೂಡಿ, ಒಂದು ದಿನಕ್ಕೆ ಹೆಚ್ಚುಕಡಿಮೆ ನಮ್ಮ ತೂಕದಷ್ಟು ಎಟಿಪಿ ತಯಾರಾಗುತ್ತದೆ. ಇದನ್ನು ಕೇಳಿ ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಿಮ್ಮ ಕಂಟ್ರೋಲ್ ರೂಮಿನ್ಯಾಗ ಯಾರದಾರ?" ಅಂತ ಕೇಳಿದ. ಯಾರೂ ಇಲ್ಲ. ಅದೇ ನನಗೆ ಇವತ್ತಿಗೂ ಬೆರಗು.

ವಾಪಸ್ ಬರುವಾಗ ರಸ್ತೆ ಪಕ್ಕ ಬೂದಿ ಇಟ್ಟಿಗೆ ಮಾಡುವ ಜಾಗದಲ್ಲಿ ನಿಂತೆವು. ನಮ್ಮ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿಯೇ. ಹಾರುಬೂದಿ ಸಿಮೆಂಟಿಗೆ ಹೋಗುತ್ತದೆ, ಇಟ್ಟಿಗೆಗೆ ಹೋಗುತ್ತದೆ, ಆದರೂ ಮಿಗುತ್ತದೆ. ಅಲ್ಲಿದ್ದ ಯುವಕ ಒಂದು ಇಟ್ಟಿಗೆ ಎತ್ತಿ ಕೈಗಿಟ್ಟ. "ಸುಡೂದು ಇಲ್ರೀ ಅಕ್ಕಾರ, ನೀರು ಹೊಡೆದು ಒಣಗಿಸೂದು ಅಷ್ಟ" ಅಂದ. ಬೂದುಬಣ್ಣ, ಮೂಲೆಗಳೆಲ್ಲ ಚೂಪು.

ರಾಯಚೂರಿಗೆ ಇನ್ನೊಂದು ಗೌರವವಿದೆ, ಬಹಳ ಜನಕ್ಕೆ ಗೊತ್ತಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಚಾಲೂ ಆಗಿ, ಅಲ್ಲಿಯವರೆಗೆ ಬೇರೆಯೇ ಲಯದಲ್ಲಿ ನಡೆಯುತ್ತಿದ್ದ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಕೂಡಿತು. ಅವತ್ತಿನಿಂದ ಇಡೀ ದೇಶಕ್ಕೆ ಒಂದೇ ಲಯ. ಸ್ನಾಯುವಿನ ಕೋಶದಲ್ಲೂ ಮೈಟೊಕಾಂಡ್ರಿಯಗಳು ಒಂದಕ್ಕೊಂದು ಕೂಡಿಕೊಂಡು ಜಾಲವಾಗಿರುತ್ತವೆ, ಅಂಚಿನಲ್ಲಿ ಕಟ್ಟಿದ ವೋಲ್ಟೇಜ್ ಒಳಗಿನವರೆಗೂ ಹರಿಯಬಲ್ಲದು ಎಂದು ಇಲಿಗಳ ಸ್ನಾಯುವಿನಲ್ಲಿ 2015ರಲ್ಲಿ ತೋರಿಸಿದರು. ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅಣ್ಣ ರೊಟ್ಟಿ ಮುರಿಯುತ್ತ, "ಹಂಗಾದ್ರ ನಿಮ್ಮ ಕಡೀನೂ ಲೈನ್ ಎಳದಾರ" ಅಂದು ಖುಷಿಪಟ್ಟ.

ಎರಡನೇ ದಿನ: ಮಾನ್ವಿ, ಸಿಂಧನೂರು, ಕಾರಟಗಿ ದಾರಿ

ಈ ದಿನದ್ದೇ ಜಾಸ್ತಿ ಹೇಳುವುದಿದೆ, ಅದೂ ಯಾವ ಪವರ್‌ಹೌಸಿನಲ್ಲೂ ನಡೆದದ್ದಲ್ಲ.

ರಾಯಚೂರು ಬಿಟ್ಟು ಮಾನ್ವಿ ಕಡೆ ಹೊರಟರೆ ಎರಡೂ ಬದಿ ಎರೆಹೊಲ. ಹತ್ತಿ ಬಿಡಿಸುವ ಕಾಲ. ಹೆಂಗಸರು ಸೊಂಟಕ್ಕೆ ಸೀರೆಯ ಉಡಿ ಕಟ್ಟಿಕೊಂಡು ಸಾಲು ಹಿಡಿದಿದ್ದರು. ಪೋತ್ನಾಳ ದಾಟಿದ ಮೇಲೆ ಬಣ್ಣ ಬದಲಾಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮುಟ್ಟುವ ನೆಲ ಇದು. ಕಣ್ಣು ಹಾಯಿಸಿದಷ್ಟೂ ಭತ್ತ. ಸಿಂಧನೂರಿನ ಹತ್ತಿರ ಪೂರ್ವ ಬಂಗಾಳದಿಂದ ಬಂದು ನೆಲೆ ನಿಂತವರ ಕ್ಯಾಂಪ್‌ಗಳಿವೆ. ಅಲ್ಲೊಂದು ಸಣ್ಣ ಹೋಟೆಲಿನಲ್ಲಿ ಸಾಸಿವೆ ಅರೆದು ಮಾಡಿದ ಮೀನಿನ ಸಾರು, ಅನ್ನ. ಬಡಿಸಿದ ಅಜ್ಜಿ ಕನ್ನಡ, ಬಂಗಾಳಿ, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಬೆರೆಸುತ್ತಿದ್ದರು. "ಇನ್ನಾ ಸ್ವಲ್ಪ ತಗೋ ಮಾ" ಅಂತ ಎರಡು ಸಲ ಹಾಕಿದರು. ಈ ದಾರಿಯಲ್ಲಿ ಹೋಗುವವರು ಊಟವನ್ನು ಸಿಂಧನೂರಿನಲ್ಲೇ ಮುಗಿಸಿಕೊಳ್ಳಿ. ಎರಡು ಗಂಟೆ ಮೀರಿದರೆ ಮುಂದೆ ಚಹಾ, ಮಂಡಕ್ಕಿ ಬಿಟ್ಟರೆ ಏನೂ ಸಿಗುವುದು ಕಷ್ಟ.

ಕಾರಟಗಿ ಇನ್ನೂ ಸ್ವಲ್ಪ ದೂರ ಇರುವಾಗ ಮೋಡ ಕಪ್ಪಾಯಿತು. ಬಂಗಾಳ ಕೊಲ್ಲಿಯಲ್ಲಿ ಏನೋ ವಾಯುಭಾರ ಕುಸಿತವಂತೆ. ರಸ್ತೆಯ ಅರ್ಧ ಭಾಗಕ್ಕೆ ಭತ್ತ ಹರವಿದ್ದರು, ಉದ್ದಕ್ಕೂ. ಒಬ್ಬ ರೈತ, ಅವನ ಹೆಂಡತಿ, ಒಬ್ಬ ಹುಡುಗ, ಮೂವರೇ ಸಲಿಕೆಯಿಂದ ಗುಡ್ಡೆ ಹಾಕುತ್ತಿದ್ದರು. ಅಣ್ಣ ಕಾರು ಬದಿಗೆ ಹಾಕಿದ. ಇಬ್ಬರೂ ಇಳಿದು ಓಡಿದೆವು. ತಾಡಪತ್ರಿಯ ಒಂದೊಂದು ಮೂಲೆ ಹಿಡಿದು ಎಳೆದೆವು, ಕಲ್ಲು ಹೊತ್ತು ತಂದು ಅಂಚಿಗೆ ಇಟ್ಟೆವು. ದಪ್ಪ ಹನಿ ಬೀಳುವ ಹೊತ್ತಿಗೆ ಮುಕ್ಕಾಲು ಪಾಲು ಮುಚ್ಚಿತ್ತು. ಕಾಲು ಪಾಲು ನೆನೆಯಿತು.

ನನಗೆ ಮಾತಾಡಲು ಆಗದಷ್ಟು ಏದುಸಿರು. ಹಾಗೆ ನಿಂತೇ ಪಾಠ ನೆನಪಾಯಿತು. ಸ್ನಾಯು ಥಟ್ಟನೆ ಓಡಬೇಕಾದಾಗ ಮೈಟೊಕಾಂಡ್ರಿಯ ಅಷ್ಟು ಬೇಗ ಸ್ಪಂದಿಸುವುದಿಲ್ಲ. ಮೊದಲ ಕೆಲವು ಸೆಕೆಂಡು ನಡೆಯುವುದು ಕ್ರಿಯಾಟಿನ್ ಫಾಸ್ಫೇಟ್ ಎಂಬ ಕೈಗೆಟುಕುವ ದಾಸ್ತಾನಿನಿಂದ. ಅದು ಮುಗಿದರೆ ಆಮ್ಲಜನಕವಿಲ್ಲದೆ ಗ್ಲೂಕೋಸನ್ನು ಅರ್ಧಕ್ಕೇ ಒಡೆಯುವುದು. ಬೇಗ ಆಗುತ್ತದೆ, ಆದರೆ ಒಂದು ಗ್ಲೂಕೋಸಿಗೆ ಸಿಗುವುದು ಎರಡೇ ಎಟಿಪಿ. ಉಸಿರಾಟದ ಪೂರ್ತಿ ದಾರಿಯಲ್ಲಿ ಹೋದರೆ ಮೂವತ್ತರಷ್ಟು ಸಿಗುತ್ತದೆ, ಆದರೆ ಅದಕ್ಕೆ ಆಮ್ಲಜನಕ ಬಂದು ಮುಟ್ಟಬೇಕು, ಹೊತ್ತು ಹಿಡಿಯುತ್ತದೆ. ಅಣ್ಣನಿಗೆ ಇದು ಕೂಡಲೇ ಅರ್ಥವಾಯಿತು. ತಣ್ಣಗಾದ ಕಲ್ಲಿದ್ದಲು ಘಟಕವನ್ನು ಮತ್ತೆ ಹೊತ್ತಿಸಿ ಪೂರ್ತಿ ಭಾರ ಹೊರಿಸಲು ಹಲವು ಗಂಟೆ ಬೇಕು. ಜಲವಿದ್ಯುತ್ತಿಗೆ ಕೆಲವೇ ನಿಮಿಷ. ಅದಕ್ಕೇ ಸಂಜೆಯ ಬೇಡಿಕೆ ಏರಿದಾಗ ಶರಾವತಿಯ ಚಕ್ರಗಳನ್ನು ತಿರುಗಿಸುತ್ತಾರೆ, ರಾಯಚೂರಿನ ಬೆಂಕಿ ಹಗಲೂ ರಾತ್ರಿ ಉರಿಯುತ್ತಲೇ ಇರುತ್ತದೆ.

ಈ ಕ್ರಿಯಾಟಿನ್ ಫಾಸ್ಫೇಟನ್ನು ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಕೆಲಸ ಮಾಡುತ್ತ 1927ರಲ್ಲಿ ಅದನ್ನು ಪ್ರಕಟಿಸಿದರು. ಎರಡು ವರ್ಷದ ನಂತರ ಎಟಿಪಿಯನ್ನೂ ಸ್ನಾಯುವಿನಿಂದ ಬೇರ್ಪಡಿಸಿದರು. ಅದೇ 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕೂಡ. ಸುಬ್ಬರಾವ್ ಅವರ ಹೆಸರು ನಮ್ಮ ಮಕ್ಕಳ ಬಾಯಲ್ಲಿ ಇನ್ನೂ ಜಾಸ್ತಿ ಬರಬೇಕು ಅನ್ನುವುದು ನನ್ನ ಹಳೆಯ ಹಟ.

ಮಳೆ ನಿಂತಿತು. ರೈತ ತಾಡಪತ್ರಿಯ ಅಂಚು ಎತ್ತಿ, "ಕೈ ಹಾಕಿ ನೋಡ್ರಿ ಅಕ್ಕಾರ" ಅಂದ. ಅದು ಹಿಂದಿನ ದಿನವೇ ಸ್ವಲ್ಪ ಹಸಿ ಇದ್ದಾಗ ಗುಡ್ಡೆ ಹಾಕಿದ್ದ ರಾಶಿ. ಮೊಣಕೈವರೆಗೆ ಕೈ ಇಳಿಸಿದೆ. ಹೊರಗೆ ತಂಪು ಗಾಳಿ, ಒಳಗೆ ಬಿಸಿ!

"ಹಸೀದು ಇಟ್ರ ರಾಶಿ ಬಿಸಿ ಏರ್ತೈತ್ರೀ. ಎರಡು ದಿನ ಬಿಟ್ರ ಮುಗ್ಗು ವಾಸನಿ ಬರ್ತೈತಿ, ಮೊಳಕಿ ಒಡೀತೈತಿ. ಆಮ್ಯಾಲ ಯಾರೂ ತಗೊಳ್ಳಂಗಿಲ್ಲ."

ಬೆಂಬಲ ಬೆಲೆಗೆ ಕೊಡಬೇಕಾದರೆ ತೇವ ನೂರಕ್ಕೆ ಹದಿನೇಳು ಮೀರಬಾರದು. ಅದಕ್ಕೇ ಈ ರಸ್ತೆಯ ಒಣಗು. ಆ ಬಿಸಿ ಎಲ್ಲಿಂದ ಬಂತು? ಪ್ರತಿ ಭತ್ತದ ಕಾಳಿನೊಳಗೂ ಜೀವ ಇದೆ. ಒಣಗಿದಾಗ ಮಲಗಿರುತ್ತದೆ. ನೀರು ತಗಲಿತೋ, ಅದರ ಮೈಟೊಕಾಂಡ್ರಿಯಗಳು ಎದ್ದು ಪಿಷ್ಟವನ್ನು ಕರಗಿಸಿ ಉಸಿರಾಡಲು ಶುರು ಮಾಡುತ್ತವೆ. ಮೇಲಿನ ಬೂಷ್ಟೂ ಉಸಿರಾಡುತ್ತದೆ. ನೂರಕ್ಕೆ ನಲವತ್ತು ಪಾಲು ಎಟಿಪಿಗೆ ಹೋದರೆ ಉಳಿದ ಅರವತ್ತು ಬಿಸಿಯಾಗಿ ಹೊರಗೆ ಬರುತ್ತದೆ. ನಿನ್ನೆ ಚಿಮಣಿಯ ಬುಡದಲ್ಲಿ ಅಣ್ಣ ಹೇಳಿದ್ದ ಆ ಪೋಲಾಗುವ ಪಾಲು ಇಲ್ಲಿ ನನ್ನ ಅಂಗೈಗೆ ತಾಗುತ್ತಿತ್ತು. ಲ್ಯಾಬಿನಲ್ಲಿ ಮೊಳಕೆಕಾಳು, ಫ್ಲಾಸ್ಕು, ಥರ್ಮಾಮೀಟರ್ ಇಟ್ಟು ಎಷ್ಟು ವರ್ಷ ಇದನ್ನು ತೋರಿಸಿದ್ದೇನೆ. ಆದರೆ ಇಲ್ಲಿ ಆ ಬಿಸಿ ಏರಿದಂತೆಲ್ಲ ಒಂದು ಮನೆಯ ವರ್ಷದ ದುಡಿಮೆ ಇಳಿಯುತ್ತದೆ. ಆ ರೈತನ ಮುಖ ನೋಡುತ್ತ ನನಗೆ ಪಾಠ ಮುಂದುವರಿಸಲು ಬಾಯಿ ಬರಲಿಲ್ಲ. ಸಲಿಕೆ ತೆಗೆದುಕೊಂಡು ನೆನೆದ ಭಾಗವನ್ನು ಬೇರೆ ಮಾಡಲು ಸೇರಿಕೊಂಡೆವು.

ಹೊರಡುವಾಗ ಕಾರಿನ ಎರಡು ಗಾಲಿ ಎರೆಮಣ್ಣಿನಲ್ಲಿ ಹೂತಿತ್ತು. ಈ ಸೀಮೆಯಲ್ಲಿ ಮಳೆ ಬಿದ್ದ ಮೇಲೆ ಡಾಂಬರು ಬಿಟ್ಟು ಒಂದಡಿಯೂ ಇಳಿಯಬಾರದು. ಮಣ್ಣು ಗಾಲಿಗೆ ಅಂಟಿ ಅಂಟಿ ಗುಂಡಿನಂತಾಗುತ್ತದೆ. ಅದೇ ರೈತನ ನೆಂಟರ ಟ್ರ್ಯಾಕ್ಟರ್ ಬಂದು ಎಳೆಯಿತು. ದುಡ್ಡು ಕೊಡಲು ಹೋದರೆ ಬೈದರು. ಅವನ ಹೆಂಡತಿ ಒಂದು ಚೀಲ ಹೊಸ ಅಕ್ಕಿ ಡಿಕ್ಕಿಗೆ ಹಾಕಿಬಿಟ್ಟರು.

ಗಂಗಾವತಿಗೆ ಬರುವಾಗ ಕತ್ತಲು. ಅಕ್ಕಿ ಗಿರಣಿಗಳ ಸಾಲು. ಕೆಲವು ಗಿರಣಿಗಳಲ್ಲಿ ಭತ್ತದ ಹೊಟ್ಟನ್ನೇ ಬಾಯ್ಲರಿಗೆ ಹಾಕುತ್ತಾರೆ. ಕಾಳು ನಮ್ಮ ಹೊಟ್ಟೆಗೆ, ಹೊಟ್ಟು ಬಾಯ್ಲರಿಗೆ. ಲಾಡ್ಜಿನಲ್ಲಿ ರಾತ್ರಿ ಕರೆಂಟು ಹೋಯಿತು. ಸೊಳ್ಳೆಯ ಕಾಟಕ್ಕೆ ನಿದ್ದೆ ಕಡಿಮೆ. ಓಡೋಮಸ್ ಒಂದು ಚೀಲದಲ್ಲಿರಲಿ.

ಮೂರನೇ ದಿನ: ಹುಲಿಗಿ, ಮುನಿರಾಬಾದ್

ಬೆಳಿಗ್ಗೆ ಹುಲಿಗೆಮ್ಮನಿಗೆ ಕೈಮುಗಿದು, ಗುಡಿಯ ಹತ್ತಿರ ಬಿಸಿ ಇಡ್ಲಿ ತಿಂದು ಮುನಿರಾಬಾದಿಗೆ ಹೋದೆವು. ಜಾತ್ರೆ, ಹುಣ್ಣಿಮೆ ಬಿಟ್ಟು ಬಂದರೆ ದರ್ಶನ ಬೇಗ ಆಗುತ್ತದೆ.

ತುಂಗಭದ್ರಾ ಅಣೆಕಟ್ಟನ್ನು ಎಲ್ಲರೂ ಹೊಸಪೇಟೆ ಕಡೆಯಿಂದ ನೋಡುತ್ತಾರೆ, ಅಲ್ಲಿ ಉದ್ಯಾನ, ಕಾರಂಜಿ ಇವೆ. ಕೊಪ್ಪಳದ ಕಡೆ ಜನ ಕಡಿಮೆ. ನನಗೆ ಈ ಕಡೆಯೇ ಇಷ್ಟ. ಎದುರಿಗೆ ಕಲ್ಲಿನ ಗೋಡೆ, 33 ಗೇಟು, ಹಿಂದೆ ಸಮುದ್ರದಂಥ ನೀರು. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸು. ಎಡದಂಡೆಗೆ ಬಿಡುವ ನೀರು ಮುನಿರಾಬಾದಿನ ಸಣ್ಣ ಪವರ್‌ಹೌಸಿನಲ್ಲಿ ಚಕ್ರ ತಿರುಗಿಸಿ ಆಮೇಲೆ ಕಾಲುವೆಗೆ ಹೋಗುತ್ತದೆ. 28 ಮೆಗಾವ್ಯಾಟ್. ರಾಯಚೂರಿನ ಮುಂದೆ ಏನೂ ಅಲ್ಲ. ಆದರೆ ಮೈಟೊಕಾಂಡ್ರಿಯಕ್ಕೆ ನಿಜವಾದ ಜೋಡಿ ಇದೇ.

1961ರಲ್ಲಿ ಪೀಟರ್ ಮಿಚೆಲ್ ಎಂಬ ಇಂಗ್ಲಿಷ್ ವಿಜ್ಞಾನಿ ಒಂದು ಮಾತು ಹೇಳಿದರು. ಆಗ ಎಲ್ಲರೂ ಎಟಿಪಿ ತಯಾರಿಸುವ ಯಾವುದೋ ನಡುವಣ ರಾಸಾಯನಿಕ ಇರಬೇಕೆಂದು ಹುಡುಕುತ್ತಿದ್ದರು. ಮಿಚೆಲ್ ಅಂದರು, ಅಂಥ ರಾಸಾಯನಿಕವೇ ಇಲ್ಲ. ಎಲೆಕ್ಟ್ರಾನ್ ಮೆಟ್ಟಿಲು ಇಳಿಯುವಾಗ ಸಿಗುವ ಶಕ್ತಿಯಿಂದ ಕೋಶ ಪ್ರೋಟಾನ್‌ಗಳನ್ನು ಮೈಟೊಕಾಂಡ್ರಿಯದ ಒಳಪೊರೆಯ ಆಚೆ ಪಂಪ್ ಮಾಡುತ್ತದೆ. ಅಲ್ಲಿ ಪ್ರೋಟಾನ್ ಕಟ್ಟೆಕಟ್ಟಿ ನಿಲ್ಲುತ್ತದೆ. ವಾಪಸ್ ಬರಲು ಇರುವ ಕಂಡಿಯಲ್ಲಿ ಒಂದು ಚಕ್ರವಿದೆ. ಅದನ್ನು ತಿರುಗಿಸಿಕೊಂಡೇ ಬರಬೇಕು. ಬಹಳ ವರ್ಷ ಯಾರೂ ಒಪ್ಪಲಿಲ್ಲ. ಕಾರ್ನ್‌ವಾಲ್‌ನ ಹಳ್ಳಿಗಾಡಿನಲ್ಲಿ ಒಂದು ಹಳೆಯ ಬಂಗಲೆ ದುರಸ್ತಿ ಮಾಡಿಸಿ ತಮ್ಮದೇ ಪ್ರಯೋಗಶಾಲೆ ನಡೆಸಿದರು. 1978ರಲ್ಲಿ ನೊಬೆಲ್ ಒಬ್ಬರಿಗೇ ಬಂತು. ಆ ಚಕ್ರ ಹೇಗೆ ಎಟಿಪಿ ಮಾಡುತ್ತದೆಂದು ಬಿಡಿಸಿದ ಬಾಯರ್ ಮತ್ತು ವಾಕರ್ ಅವರಿಗೆ 1997ರಲ್ಲಿ. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಆ ಚಕ್ರಕ್ಕೆ ಒಂದು ಹೊಳೆಯುವ ಎಳೆ ಅಂಟಿಸಿ, ಅದು ಗಿರಗಿರ ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಸೆಕೆಂಡಿಗೆ ನೂರಕ್ಕೂ ಜಾಸ್ತಿ ಸುತ್ತು, ಸುತ್ತಿಗೆ ಮೂರು ಎಟಿಪಿ. ಶಕ್ತಿನಗರದ ಟರ್ಬೈನ್ ಸೆಕೆಂಡಿಗೆ 50 ಸುತ್ತು ಅಷ್ಟೇ.

"ಕಟ್ಟಿ ಎಷ್ಟು ದಪ್ಪ?" ಅಂತ ಅಣ್ಣ ಕೇಳಿದ. ಆ ಪೊರೆ ಒಂದು ಮೀಟರಿನ ನೂರು ಕೋಟಿ ಭಾಗದಲ್ಲಿ ಐದು ಭಾಗದಷ್ಟು ದಪ್ಪ. ಎರಡೂ ಬದಿಗೆ 150 ಮಿಲಿವೋಲ್ಟ್ ವ್ಯತ್ಯಾಸ. ಟಾರ್ಚಿನ ಸೆಲ್ಲಿನ ಹತ್ತನೇ ಒಂದು ಪಾಲು. ಆದರೆ ಅಷ್ಟು ತೆಳು ಪೊರೆಯ ಮೇಲೆ ಅದು ಮೀಟರಿಗೆ ಮೂರು ಕೋಟಿ ವೋಲ್ಟ್ ಲೆಕ್ಕಕ್ಕೆ ಬರುತ್ತದೆ. 400 ಕಿಲೋವೋಲ್ಟ್ ಲೈನುಗಳ ಕೆಳಗೆ ಬದುಕು ಕಳೆದವನು ಅವನು. ಕಾಗದದ ಮೇಲೆ ತಾನೇ ಭಾಗಾಕಾರ ಮಾಡಿ ನೋಡಿ, ಹೌದು ಅಂತ ತಲೆ ಆಡಿಸಿದ.

ದಂಡೆಯಲ್ಲಿ ಮೀನು ಕರಿದು ಮಾರುವ ಅಜ್ಜ ಒಬ್ಬರು. ಖಾರ, ಉಪ್ಪು ಹಚ್ಚಿ ಬಾಣಲೆಯಿಂದ ನೇರ ಕಾಗದಕ್ಕೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋದದ್ದನ್ನು ಕೇಳಿದೆ.

"ಆ ಸಪ್ಪಳ ಬ್ಯಾರೇನ ಇತ್ತು ಯವ್ವಾ. ತುಂಬಿದ ಹೊಳಿ ಕಣ್ಮುಂದ ಖಾಲಿ ಆಗೂದು ನೋಡಾಕ ಆಗ್ತಿರಲಿಲ್ಲ. ಎಷ್ಟು ಭತ್ತದ ನೀರು ಅದು!"

ಸುಮಾರು ಒಂದು ವಾರ ಹೆಣಗಾಡಿ ತಾತ್ಕಾಲಿಕ ಗೇಟು ಕೂರಿಸಿದರು. ಅಜ್ಜನ ಸಂಕಟ ನ್ಯಾಯವಾದದ್ದೇ. ಗೇಟಿನಿಂದ ಹೋದ ನೀರು ಇಲ್ಲಿಯ ಯಾವ ಚಕ್ರವನ್ನೂ ತಿರುಗಿಸುವುದಿಲ್ಲ, ಇಲ್ಲಿಯ ಯಾವ ಕಾಲುವೆಗೂ ಹೋಗುವುದಿಲ್ಲ. ನಮ್ಮ ಮೈ ಮಾತ್ರ ಇಂಥ ಗೇಟನ್ನು ಬೇಕೆಂದೇ ಇಟ್ಟುಕೊಂಡಿದೆ. ಎಳೆ ಕೂಸುಗಳ ಬೆನ್ನಿನ ಮೇಲುಭಾಗದಲ್ಲಿ ಕಂದು ಕೊಬ್ಬು ಇರುತ್ತದೆ. ಅದರ ಮೈಟೊಕಾಂಡ್ರಿಯದ ಪೊರೆಯಲ್ಲಿ ಪ್ರೋಟಾನ್ ಚಕ್ರ ತಿರುಗಿಸದೆ ನೇರ ಹಾದುಬರುವ ಒಂದು ದಾರಿ ಇದೆ. ಎಟಿಪಿ ಆಗುವುದಿಲ್ಲ, ಪೂರ್ತಿ ಬಿಸಿಯಾಗುತ್ತದೆ. ಹುಟ್ಟಿದ ಮಗುವಿಗೆ ನಮ್ಮ ಹಾಗೆ ನಡುಗಿ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಈ ಕೊಬ್ಬೇ ಅದನ್ನು ಬೆಚ್ಚಗಿಡುತ್ತದೆ. ಅಜ್ಜನಿಗೆ ಇದನ್ನು ಹೇಳಿದೆ. ಮೊಮ್ಮಗಳ ಬಾಣಂತನ ಮನೆಯಲ್ಲೇ ನಡೆದಿದೆಯಂತೆ, ಕೂಸಿನ ಬೆನ್ನು ಮುಟ್ಟಿ ನೋಡುತ್ತೇನೆ ಅಂದರು.

ನಾಲ್ಕನೇ ದಿನ: ತೋರಣಗಲ್ಲು, ಕುಡತಿನಿ, ಬಳ್ಳಾರಿ

ಹೊಸಪೇಟೆಯಿಂದ ಬಳ್ಳಾರಿ ರಸ್ತೆ. ಅದಿರಿನ ಲಾರಿಗಳು ಜಾಸ್ತಿ, ಬೆಳಿಗ್ಗೆ ಎಂಟರೊಳಗೆ ಹೊರಟರೆ ಒಳ್ಳೆಯದು. ಗಿಡದ ಎಲೆ ಎಲ್ಲ ಕೆಂಪು ಧೂಳು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಿಲೋಮೀಟರ್‌ಗಟ್ಟಲೆ ಜೊತೆಗೇ ಬರುತ್ತದೆ. ಕುಡತಿನಿಯಲ್ಲಿ ಬಳ್ಳಾರಿ ಶಾಖೋತ್ಪನ್ನ ಕೇಂದ್ರ ಬಿಟಿಪಿಎಸ್, 1,700 ಮೆಗಾವ್ಯಾಟ್. ರಾಯಚೂರಿನ ಎರಡು, ಇದೊಂದು ಸೇರಿದರೆ ಈ ಎರಡು ಜಿಲ್ಲೆಗಳಲ್ಲೇ 5,000 ಮೆಗಾವ್ಯಾಟ್ ದಾಟುತ್ತದೆ.

ಕುಡತಿನಿ ದಾಟಿ ಒಂದು ಬೇವಿನ ಮರದಡಿ ನಿಂತಾಗ ತಲೆಯ ಮೇಲೆ ಲೈನುಗಳು ಸಣ್ಣಗೆ ಗುಂಯ್ ಅನ್ನುತ್ತಿದ್ದವು. ಎಲ್ಲ ದಕ್ಷಿಣಕ್ಕೆ. ನನಗೆ ಹೇಳಲೇಬೇಕಾದ ಮಾತು ಅಲ್ಲಿ ಸ್ಪಷ್ಟವಾಯಿತು. ದೇಹ ಒಂದು ಅಂಗದಲ್ಲಿ ಎಟಿಪಿ ತಯಾರಿಸಿ ಇನ್ನೊಂದಕ್ಕೆ ಕಳಿಸುವುದಿಲ್ಲ. ರಕ್ತದಲ್ಲಿ ಹೋಗುವುದು ಗ್ಲೂಕೋಸು, ಕೊಬ್ಬು, ಆಮ್ಲಜನಕ, ಅಂದರೆ ಉರುವಲು ಮತ್ತು ಗಾಳಿ. ಪ್ರತಿ ಕೋಶ ತನ್ನ ಶಕ್ತಿಯನ್ನು ತನ್ನ ಮನೆಯೊಳಗೇ ಮಾಡಿಕೊಳ್ಳುತ್ತದೆ. ಮಿದುಳಿಗೆ ಎಷ್ಟು ಬೇಕೋ ಅಷ್ಟು ಮಿದುಳೇ ಮಾಡಿಕೊಳ್ಳಬೇಕು. ಅದರ ಕಾವನ್ನೂ, ಅದರಿಂದ ಪೊರೆಗೆ ಆಗುವ ಹಾನಿಯನ್ನೂ ಅದೇ ತಾಳಿಕೊಳ್ಳಬೇಕು. ಹಾಳಾದ ಮೈಟೊಕಾಂಡ್ರಿಯವನ್ನು ಆ ಕೋಶವೇ ಕಿತ್ತು ಜೀರ್ಣಿಸಿಕೊಳ್ಳುತ್ತದೆ. ಊರುಗಳು ಹಾಗಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಗಣಿಗೆ ಹೋಯಿತು. ಅಂದಿನಿಂದ ಇಂದಿನವರೆಗೆ ನಮ್ಮಲ್ಲಿ ಮಾಡುವ ಊರು ಬೇರೆ, ಬಳಸುವ ಊರು ಬೇರೆ. ತಂತಿಯಲ್ಲಿ ಬೆಳಕು ಹೋಗುತ್ತದೆ, ಬೂದಿ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಸ್ವಿಚ್ ಒತ್ತುವವರು ಒಮ್ಮೆಯಾದರೂ ಈ ದಾರಿಯಲ್ಲಿ ಬಂದು ಹೋಗಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಅಣ್ಣ ಪೂರ್ತಿ ಒಪ್ಪಲಿಲ್ಲ. "ಮನಿ ಮ್ಯಾಲ ಸೋಲಾರ್ ಹಾಕಿ ಮಿಕ್ಸಿ ನಡಸಬಹುದು. ಉಕ್ಕು ಕರಗಸ್ತಿ ಏನು? ಕೆಲವು ಕೆಲಸಕ್ಕ ದೊಡ್ಡ ಬೆಂಕಿನ ಬೇಕು." ಅದೂ ನಿಜ. ದೇಹದಲ್ಲೂ ಎಲ್ಲ ಕೋಶ ಒಂದೇ ಥರ ಅಲ್ಲ. ಹೃದಯದ ಕೋಶದ ಮೂರನೇ ಒಂದು ಭಾಗ ಬರೀ ಮೈಟೊಕಾಂಡ್ರಿಯ. ಕೆಂಪು ರಕ್ತಕಣದಲ್ಲಿ ಒಂದೂ ಇಲ್ಲ. ಊರಿಗೆಲ್ಲ ಆಮ್ಲಜನಕ ಹಂಚುವ ಅದು ತಾನು ಮಾತ್ರ ಮುಟ್ಟದೆ, ಆ ಎರಡು ಎಟಿಪಿಯ ಬಡ ದಾರಿಯಲ್ಲೇ ಸುಮಾರು 120 ದಿನ ಬದುಕುತ್ತದೆ. ಆದರೂ ಮನೆಬಳಕೆಯ ಕರೆಂಟಿನ ಮಟ್ಟಿಗೆ ನಾನು ಕೋಶದ ಕಡೆಯೇ.

ಬಳ್ಳಾರಿಯಲ್ಲಿ ಕೋಟೆ ಹತ್ತಿ ಇಳಿದು, ಅಣ್ಣನಿಗೆ ಗೊತ್ತಿದ್ದ ಒಂದು ಓಣಿಗೆ ಹೋದೆವು. ಮನೆಮನೆಯಲ್ಲೂ ಜೀನ್ಸ್ ಹೊಲಿಗೆ. ಕರೆಂಟು ಹೋಗಿ ಮಶೀನುಗಳೆಲ್ಲ ಸುಮ್ಮನಾಗಿದ್ದವು. ಜೇಬು ಹೊಲಿಯುತ್ತಿದ್ದ ಅಕ್ಕ ಚಹಾ ಕೊಟ್ಟು ಕೂರಿಸಿದರು. ಗೃಹಜ್ಯೋತಿಯ 200 ಯೂನಿಟ್ ಮಾತು ಬಂತು. ಮನುಷ್ಯನ ಮೈ ಎಷ್ಟು ಯೂನಿಟ್ ಸುಡುತ್ತದೆ ಗೊತ್ತಾ ಅಂತ ಕೇಳಿದೆ. ದಿನಕ್ಕೆ 2,000 ಕಿಲೋಕ್ಯಾಲರಿ ಅಂದರೆ ಸುಮಾರು 2.3 ಯೂನಿಟ್. ತಿಂಗಳಿಗೆ 70. ಹಗಲೂ ರಾತ್ರಿ ಉರಿಯುವ 100 ವ್ಯಾಟ್ ಬಲ್ಬಿನಷ್ಟು. ತೂಕಕ್ಕೆ ತೂಕ ಹಿಡಿದರೆ ಸೂರ್ಯನಿಗಿಂತ ಸಾವಿರಾರು ಪಟ್ಟು ಜಾಸ್ತಿ. ಅಕ್ಕ ಬೆರಳು ಮಡಚಿದರು. ಮನೆಯಲ್ಲಿ ನಾಲ್ವರು. 280.

"ನಾವು ನಾಲ್ಕು ಮಂದಿನ ಮೀಟರಿಗಿಂತ ಜಾಸ್ತಿ ಸುಡ್ತೀವೇನ್ರೀ! ಜ್ವರ ಬಂದ್ರ?"

ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನೂರಕ್ಕೆ ಹತ್ತು ಹನ್ನೆರಡು ಪಾಲು ಜಾಸ್ತಿ. ಅದಕ್ಕೇ ಜ್ವರ ಬಿಟ್ಟ ಮೇಲೆ ಅಷ್ಟು ಸುಸ್ತು, ಅದಕ್ಕೇ ಗಂಜಿಯನ್ನಾದರೂ ಕುಡಿಸಬೇಕು. ಅಕ್ಕ ಮಗನನ್ನು ಕರೆದು ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆಸಿದರು. ಹುಡುಗ ಎಂಟನೇ ಕ್ಲಾಸು. ಹಾಗಾದರೆ ಗಿಡ ಎಲ್ಲಿಂದ ತರುತ್ತದೆ ಅಂತ ಅವನು ಕೇಳಿದ. ಎಲೆಗೆ ಹಸಿರು ಕೊಡುವ ಹರಿದ್ರೇಣುವಿನಲ್ಲೂ (ಕ್ಲೋರೊಪ್ಲಾಸ್ಟ್) ಅದೇ ಪೊರೆ, ಅದೇ ಪ್ರೋಟಾನ್ ಕಟ್ಟೆ, ಅದೇ ಚಕ್ರ. ಪಂಪ್ ನಡೆಸುವುದು ಮಾತ್ರ ಬಿಸಿಲು. 1966ರಲ್ಲಿ ವಿಜ್ಞಾನಿ ಆಂಡ್ರೆ ಯಾಗೆಂಡಾರ್ಫ್ ಪಾಲಕ್ ಸೊಪ್ಪಿನ ಹರಿದ್ರೇಣುಗಳನ್ನು ಮೊದಲು ಹುಳಿ ದ್ರಾವಣದಲ್ಲಿ ನೆನೆಸಿ, ಆಮೇಲೆ ಕ್ಷಾರಕ್ಕೆ ಹಾಕಿ, ಪೂರ್ತಿ ಕತ್ತಲಲ್ಲೇ, ಬರೀ ಪ್ರೋಟಾನ್ ಕಟ್ಟೆಯ ಬಲದಿಂದ ಎಟಿಪಿ ಹುಟ್ಟಿಸಿ ತೋರಿಸಿದ್ದರು. ಮಿಚೆಲ್ ಮಾತಿಗೆ ಸಿಕ್ಕ ದೊಡ್ಡ ಬಲ ಅದು. ಹುಡುಗ ಅದನ್ನೂ ಬರೆದುಕೊಂಡ.

ಇಷ್ಟು ಕೇಳಿದ ಅಣ್ಣ ಸ್ಟೇಷನ್ನಿಗೆ ಬಿಡುವಾಗ ಮುಂದಿನ ಸುತ್ತು ಗಟ್ಟಿ ಮಾಡಿದ. ತುಮಕೂರು ಜಿಲ್ಲೆಯ ಪಾವಗಡ, ರೈತರ ಜಮೀನು ಗುತ್ತಿಗೆಗೆ ಪಡೆದು ಕಟ್ಟಿದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಪರೀಕ್ಷೆ ಪೇಪರ್ ತಿದ್ದಿ ಮುಗಿದ ಮೇಲೆ ಬರುತ್ತೇನೆ ಅಂದಿದ್ದೇನೆ. ಅಷ್ಟರಲ್ಲಿ ಬಿಸಿಲೂ ಚೆನ್ನಾಗಿ ಏರಿರುತ್ತದೆ.